ದೀಪ ಆರಿದ ರಾತ್ರಿ: 'ಟ್ವಿನ್ ಪೀಕ್ಸ್' ಅಭಿಮಾನಿಗಳ ಕಾಲು ಶತಮಾನ



2017ರ ಆಗಸ್ಟ್ 20, ಆದಿತ್ಯವಾರ ರಾತ್ರಿ. ಅಮೆರಿಕದ ಶೋಟೈಮ್ ವಾಹಿನಿಯಲ್ಲಿ 'ಟ್ವಿನ್ ಪೀಕ್ಸ್' ಎಂಬ ಧಾರಾವಾಹಿಯ 15ನೆಯ ಕಂತು ಬಂತು. ಒಟ್ಟು 18 ಕಂತುಗಳ ಕಥೆ, ಮುಗಿಯಲು ಇನ್ನು ಮೂರೇ ಬಾಕಿ. ಈ ಧಾರಾವಾಹಿಯ ಒಗಟು ಬಿಡಿಸುವುದರಲ್ಲಿ ಕಾಲು ಶತಮಾನ ಕಳೆದ ಅಭಿಮಾನಿಗಳು ಅಂದು ಕೂಡ ಏನಾದರೂ ಸುಳಿವು ಸಿಗಬಹುದೆಂದು ಕಾದು ಕುಳಿತಿದ್ದರು. ಅವರಿಗೆ ಸಿಕ್ಕಿದ್ದು ಒಬ್ಬ ವೃದ್ಧೆಯ ಫೋನ್ ಕರೆ. ತಾನು ಸಾಯುತ್ತಿದ್ದೇನೆ ಎಂದು ಆಕೆ ತನ್ನ ಗೆಳೆಯನಿಗೆ ತಿಳಿಸಿದಳು. ಶುಭರಾತ್ರಿ ಹೇಳಿದಳು. ಸ್ವಲ್ಪ ಹೊತ್ತಿನಲ್ಲಿ ಕಾಡಿನ ನಡುವಿನ ಅವಳ ಮನೆಯ ಕಿಟಕಿಯಲ್ಲಿ ಬೆಳಕು ಆರಿತು.

ಆ ಕಂತನ್ನು ನೋಡಿದ ಬಹಳ ಮಂದಿ ಅತ್ತರು. ಪಾತ್ರ ಸತ್ತಿತೆಂದು ಮಾತ್ರ ಅತ್ತದ್ದಲ್ಲ. ಆ ಪಾತ್ರ ಮಾಡಿದ ನಟಿ ಅದನ್ನು ಚಿತ್ರೀಕರಿಸುವಾಗ ನಿಜವಾಗಿಯೂ ಸಾಯುತ್ತಿದ್ದರು. ನೋಡುತ್ತಿದ್ದವರಿಗೆ ಆ ವಿಷಯ ಗೊತ್ತಿತ್ತು.

ನಮ್ಮ ಯುವ ಸಂಘದಲ್ಲಿ ವೆಬ್ ಸೀರೀಸ್ ನೋಡದವರು ಕಡಿಮೆ. ಹತ್ತು ಕಂತುಗಳನ್ನು ಒಂದೇ ರಾತ್ರಿ ನೋಡಿ ಮುಗಿಸಿ, ಮರುದಿನ 'ಕೊನೆಗೆ ಏನಾಯ್ತು ಗೊತ್ತಾ?' ಎಂದು ಕೇಳುವುದು ನಮಗೆಲ್ಲ ಅಭ್ಯಾಸವಾಗಿದೆ. ಆದುದರಿಂದ ಈ ಸಲ ಒಂದು ಧಾರಾವಾಹಿಯ ಕಥೆಗಿಂತ ಹೆಚ್ಚಾಗಿ ಅದನ್ನು ನೋಡಿದವರ ಕಥೆಯನ್ನು ಬರೆಯೋಣ ಎಂದುಕೊಂಡೆವು. 'ಕೊಂದವರು ಯಾರು?' ಎಂಬ ಪ್ರಶ್ನೆಯಿಂದ ಹೊರಟ ಜನ 27 ವರ್ಷಗಳ ಬಳಿಕ ಒಬ್ಬ ಅಜ್ಜಿಗಾಗಿ ಮೌನವಾಗಿ ಕುಳಿತದ್ದು ಹೇಗೆ ಎಂಬುದನ್ನು ತಿಳಿದುಕೊಳ್ಳುವುದು ನಮ್ಮ ಉದ್ದೇಶ. ಮೊದಲೇ ಒಂದು ಮಾತು: ಇದು ದೊಡ್ಡವರಿಗಾಗಿ ಮಾಡಿದ ಧಾರಾವಾಹಿ. ಹಿಂಸೆ ಇದೆ, ಭಯ ಹುಟ್ಟಿಸುವ ದೃಶ್ಯಗಳಿವೆ. ಮನೆಯ ಚಿಕ್ಕ ಮಕ್ಕಳೊಂದಿಗೆ ಕುಳಿತು ನೋಡುವಂಥದ್ದಲ್ಲ.

1990: ಕೊಂದವರು ಯಾರು?

'ಟ್ವಿನ್ ಪೀಕ್ಸ್' ಮೊದಲು ಬಂದದ್ದು 1990ರ ಏಪ್ರಿಲ್ 8ರಂದು, ಅಮೆರಿಕದ ಎಬಿಸಿ ವಾಹಿನಿಯಲ್ಲಿ. ಅದನ್ನು ಹುಟ್ಟುಹಾಕಿದವರು ಇಬ್ಬರು. ಒಬ್ಬರು ಸಿನಿಮಾ ನಿರ್ದೇಶಕ ಡೇವಿಡ್ ಲಿಂಚ್, ಇನ್ನೊಬ್ಬರು ಟಿವಿ ಬರಹಗಾರ ಮಾರ್ಕ್ ಫ್ರಾಸ್ಟ್. ವಾಷಿಂಗ್ಟನ್ ರಾಜ್ಯದ ಬೆಟ್ಟ, ಕಾಡು, ಮರದ ಮಿಲ್ಲುಗಳ ನಡುವಿನ ಒಂದು ಕಲ್ಪಿತ ಊರು ಟ್ವಿನ್ ಪೀಕ್ಸ್. ಹೊರಗಿನ ದೃಶ್ಯಗಳನ್ನು ಸ್ನೋಕ್ವಾಲ್ಮಿ, ನಾರ್ತ್ ಬೆಂಡ್ ಎಂಬ ನಿಜವಾದ ಊರುಗಳಲ್ಲಿ ಚಿತ್ರೀಕರಿಸಿದರು. ಒಂದು ಮುಂಜಾನೆ ನೀರಿನ ದಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಹುಡುಗಿಯ ಹೆಣ ಸಿಗುತ್ತದೆ. ಹೆಸರು ಲಾರಾ ಪಾಮರ್, ಹೈಸ್ಕೂಲು ವಿದ್ಯಾರ್ಥಿನಿ, ಊರಿಗೆಲ್ಲ ಅಚ್ಚುಮೆಚ್ಚಿನವಳು. ಕೊಲೆಯ ತನಿಖೆಗೆ ಎಫ್‌ಬಿಐ ಅಧಿಕಾರಿ ಡೇಲ್ ಕೂಪರ್ ಬರುತ್ತಾನೆ. ಒಳ್ಳೆಯ ಕಾಫಿ ಕುಡಿದರೆ, ಚೆರ್ರಿ ಪೈ ತಿಂದರೆ ಮಗುವಿನಂತೆ ಖುಷಿಪಡುವ, ಕನಸಿನಲ್ಲಿ ಕಂಡದ್ದನ್ನೂ ಸಾಕ್ಷಿ ಎಂದು ಬರೆದಿಟ್ಟುಕೊಳ್ಳುವ ವಿಚಿತ್ರ ಪೊಲೀಸ್. ಆ ಪಾತ್ರ ಮಾಡಿದವರು ಕೈಲ್ ಮ್ಯಾಕ್‌ಲ್ಯಾಕ್ಲನ್.

ಮೊದಲ ರಾತ್ರಿಯೇ ಸುಮಾರು ಮೂರೂವರೆ ಕೋಟಿ ಜನ ನೋಡಿದರು. ಮರುದಿನ ಆಫೀಸು, ಕಾಲೇಜುಗಳಲ್ಲೆಲ್ಲ ಅದೇ ಮಾತು. ಮನೆಮನೆಗಳಲ್ಲಿ ಸ್ನೇಹಿತರನ್ನು ಕರೆದು, ಕಾಫಿ, ಡೋನಟ್, ಚೆರ್ರಿ ಪೈ ಇಟ್ಟುಕೊಂಡು ನೋಡುವ ಪದ್ಧತಿ ಶುರುವಾಯಿತು. ವೀಡಿಯೋ ಕ್ಯಾಸೆಟ್ ರೆಕಾರ್ಡರ್ ಇದ್ದವರು ಕಂತನ್ನು ಮುದ್ರಿಸಿಕೊಂಡು, ಹಿಂದೆ ಮುಂದೆ ಓಡಿಸಿ, ಗೋಡೆಯ ಮೇಲಿನ ಚಿತ್ರವನ್ನೂ ಬಿಡದೆ ಪರೀಕ್ಷಿಸಿದರು. ಕಂಪ್ಯೂಟರ್ ಜಾಲ ಆಗ ವಿಶ್ವವಿದ್ಯಾನಿಲಯಗಳಿಗೂ ಕೆಲವು ಕಂಪೆನಿಗಳಿಗೂ ಮಾತ್ರ ಸೀಮಿತ. ಅಲ್ಲಿಯೂ ಈ ಕೊಲೆಯ ಬಗ್ಗೆ ವಾದ ನಡೆಯಿತು. ಹೆನ್ರಿ ಜೆಂಕಿನ್ಸ್ ಎಂಬ ಮಾಧ್ಯಮ ವಿದ್ವಾಂಸರು ಆ ವಾದಗಳನ್ನೇ ಅಧ್ಯಯನ ಮಾಡಿ ಲೇಖನ ಬರೆದರು. ಅಭಿಮಾನಿಗಳ ಬಗೆಗಿನ ಅಧ್ಯಯನದಲ್ಲಿ ಆ ಲೇಖನಕ್ಕೆ ಇಂದಿಗೂ ಸ್ಥಾನವಿದೆ.

ಹೀಗೆ ಆರಂಭದ ಅಭಿಮಾನಿ ಎಂದರೆ ಪತ್ತೇದಾರ. ಅವನಿಗೆ ಬೇಕಾದದ್ದು ಉತ್ತರ. ಸತ್ತ ಲಾರಾ ಅವನ ಪಾಲಿಗೆ ಒಂದು ಫೋಟೋ, ಒಂದು ಪ್ರಶ್ನೆ. ನಿಜ ಹೇಳಬೇಕೆಂದರೆ ಮಾಡಿದವರೂ ಮೊದಲು ಹಾಗೆಯೇ ಯೋಚಿಸಿದ್ದರು. ಲಾರಾಳ ಪಾತ್ರದ ಶೆರಿಲ್ ಲೀ ಅವರನ್ನು ಕರೆಸಿದ್ದು ಹೆಣವಾಗಿ ಮಲಗುವ ಕೆಲವು ದಿನಗಳ ಕೆಲಸಕ್ಕೆ. ಅವರ ಅಭಿನಯ ಲಿಂಚ್‌ರ ಮನಸ್ಸಿಗೆ ಹಿಡಿಸಿತು. ಅವರಿಗಾಗಿ ಲಾರಾಳ ಸೋದರ ಸಂಬಂಧಿ ಮ್ಯಾಡಿ ಎಂಬ ಇನ್ನೊಂದು ಪಾತ್ರ ಹುಟ್ಟಿಕೊಂಡಿತು.

ಕೊಲೆಗಾರ ಯಾರೆಂದು ಬಹಿರಂಗಪಡಿಸಲು ಲಿಂಚ್‌ಗೆ ಮನಸ್ಸಿರಲಿಲ್ಲ. ಚಿನ್ನದ ಮೊಟ್ಟೆ ಇಡುವ ಕೋಳಿಯನ್ನು ಕೊಯ್ದ ಹಾಗಾಗುತ್ತದೆ ಎಂಬುದು ಅವರ ಅಭಿಪ್ರಾಯ. ವಾಹಿನಿಯವರು ಒತ್ತಾಯಿಸಿದರು. 1990ರ ನವೆಂಬರ್ 10ರ ಕಂತಿನಲ್ಲಿ ಉತ್ತರ ಬಂತು: ಕೊಂದವನು ಲಾರಾಳ ಸ್ವಂತ ತಂದೆ. ಅವನೊಳಗೆ ಬಾಬ್ ಎಂಬ ದುಷ್ಟಶಕ್ತಿ ಹೊಕ್ಕಿತ್ತು ಎಂದು ಕಥೆ ಹೇಳುತ್ತದೆ. ಉತ್ತರ ಸಿಕ್ಕಿದ ಮೇಲೆ ಪತ್ತೇದಾರರಿಗೆ ಕೆಲಸವಿಲ್ಲದಾಯಿತು. ಪ್ರೇಕ್ಷಕರ ಸಂಖ್ಯೆ ಇಳಿಯುತ್ತ ಹೋಯಿತು. ಶನಿವಾರ ರಾತ್ರಿಯ ಸಮಯವೂ ಅನುಕೂಲವಾಗಿರಲಿಲ್ಲ.

1991: ಇಪ್ಪತ್ತೈದು ವರ್ಷದ ಮಾತು

1991ರ ಫೆಬ್ರವರಿಯಲ್ಲಿ ಎಬಿಸಿ ಧಾರಾವಾಹಿಯನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಉಳಿದಿದ್ದ ಅಭಿಮಾನಿಗಳು ಸುಮ್ಮನಿರಲಿಲ್ಲ. 'ಕೂಪ್' ಎಂಬ ಚಿಕ್ಕ ಹೆಸರಿನ ಸಂಘಟನೆ ಕಟ್ಟಿ ವಾಹಿನಿಗೆ ಪತ್ರಗಳ ಮೇಲೆ ಪತ್ರ ಬರೆದರು. ಮಾರ್ಚ್ ಕೊನೆಗೆ ಕಂತುಗಳು ಮತ್ತೆ ಆರಂಭವಾದುವು. ಆದರೂ ಜೂನ್ 10ರಂದು ಕೊನೆಯ ಎರಡು ಕಂತುಗಳನ್ನು ಒಟ್ಟಿಗೆ ತೋರಿಸಿ ಮುಗಿಸಿಬಿಟ್ಟರು. ಒಟ್ಟು 30 ಕಂತು.

ಆ ಕೊನೆಯನ್ನು ನೋಡಿದವರು ಮರೆಯುವುದಿಲ್ಲ. ಕೆಂಪು ಪರದೆಗಳ ವಿಚಿತ್ರ ಲೋಕವೊಂದರಲ್ಲಿ ಒಳ್ಳೆಯ ಕೂಪರ್ ಸಿಕ್ಕಿಬೀಳುತ್ತಾನೆ. ಅವನ ರೂಪದ ದುಷ್ಟನೊಬ್ಬ ಹೊರಗೆ ಬರುತ್ತಾನೆ. ಅದೇ ಲೋಕದಲ್ಲಿ ಲಾರಾ ಕೂಪರ್‌ಗೆ, ಇಪ್ಪತ್ತೈದು ವರ್ಷಗಳ ಬಳಿಕ ಮತ್ತೆ ಕಾಣುತ್ತೇನೆ ಎನ್ನುತ್ತಾಳೆ. ಆಗ ಅದು ಕನಸಿನ ಮಾತು. ಧಾರಾವಾಹಿಯೇ ನಿಂತ ಮೇಲೆ ಇಪ್ಪತ್ತೈದು ವರ್ಷದ ಬಳಿಕ ಎಲ್ಲಿ, ಯಾರು ಕಾಣುವುದು?

ಮರುವರ್ಷ, 1992ರಲ್ಲಿ, ಲಿಂಚ್ 'ಫೈರ್ ವಾಕ್ ವಿತ್ ಮಿ' ಎಂಬ ಸಿನಿಮಾ ಮಾಡಿದರು. ಕೂಪರ್‌ನ ಗತಿ ಏನಾಯಿತೆಂದು ತಿಳಿಯಲು ಹೋದವರಿಗೆ ದೊಡ್ಡ ನಿರಾಸೆ. ಸಿನಿಮಾ ಹಿಂದಕ್ಕೆ ಹೋಗಿ ಲಾರಾಳ ಕೊನೆಯ ಏಳು ದಿನಗಳನ್ನು ಅವಳ ಕಡೆಯಿಂದ ತೋರಿಸಿತು. ಸ್ವಂತ ಮನೆಯೊಳಗೆ, ಸ್ವಂತ ತಂದೆಯಿಂದ ಹಿಂಸೆ ಅನುಭವಿಸುವ ಹುಡುಗಿ ಹೊರಗೆ ನಗುತ್ತ ಬದುಕಿದ್ದು ಹೇಗೆ ಎಂಬುದೇ ಅದರ ಕಥೆ. ಕಾನ್ ಚಲನಚಿತ್ರೋತ್ಸವದಲ್ಲಿ ಅದಕ್ಕೆ ಒಳ್ಳೆಯ ಸ್ವಾಗತ ಸಿಗಲಿಲ್ಲ. ಅಮೆರಿಕದ ಚಿತ್ರಮಂದಿರಗಳಲ್ಲೂ ಸೋತಿತು. ಒಗಟಿನಲ್ಲಿ ಸುಖ ಕಂಡಿದ್ದ ಜನಕ್ಕೆ ಆ ನೋವನ್ನು ನೋಡುವ ಮನಸ್ಸಿರಲಿಲ್ಲ ಎಂದು ನಮಗೆ ಅನಿಸುತ್ತದೆ. ವರ್ಷಗಳು ಕಳೆದ ಮೇಲೆ ಅದೇ ಸಿನಿಮಾವನ್ನು ಬಹಳ ಮಂದಿ ಲಿಂಚ್‌ರ ಮುಖ್ಯ ಕೃತಿಗಳಲ್ಲಿ ಒಂದೆಂದು ಎಣಿಸತೊಡಗಿದರು. ಲಾರಾ ಆಗ ಬರೇ ಫೋಟೋ ಆಗಿ ಉಳಿಯಲಿಲ್ಲ. ಅಭಿಮಾನಿಗಳಲ್ಲಿ ಬದಲಾವಣೆ ಶುರುವಾದದ್ದು ಇಲ್ಲಿಂದ.

ನಡುವಿನ ವರ್ಷಗಳಲ್ಲಿ ಈ ನೆನಪನ್ನು ಕಾಪಾಡಿದವರು ಸಾಮಾನ್ಯ ಜನ. ಜಾನ್ ಥಾರ್ನ್ ಮತ್ತು ಕ್ರೇಗ್ ಮಿಲ್ಲರ್ ಎಂಬಿಬ್ಬರು 1992ರಲ್ಲಿ 'ರ‍್ಯಾಪ್ಡ್ ಇನ್ ಪ್ಲಾಸ್ಟಿಕ್' ಎಂಬ ಪತ್ರಿಕೆ ಆರಂಭಿಸಿ 2005ರ ತನಕ 75 ಸಂಚಿಕೆ ಹೊರತಂದರು. ನಿಂತುಹೋದ ಒಂದು ಧಾರಾವಾಹಿಗೆ 13 ವರ್ಷ ಪತ್ರಿಕೆ ನಡೆಸುವುದೆಂದರೆ ಸಣ್ಣ ಕೆಲಸವಲ್ಲ. ಚಿತ್ರೀಕರಣ ನಡೆದ ಊರುಗಳಲ್ಲಿ ಅಭಿಮಾನಿಗಳ ವಾರ್ಷಿಕ ಕೂಟವೂ ನಡೆಯುತ್ತ ಬಂತು. ನಟ ನಟಿಯರು ಅಲ್ಲಿಗೆ ಬಂದು ಜನರೊಂದಿಗೆ ಕುಳಿತು ಮಾತಾಡುತ್ತಿದ್ದರು.

ಮರದ ದಿಮ್ಮಿ ಎತ್ತಿಕೊಂಡ ಹೆಂಗಸು

ಆರಂಭದಲ್ಲಿ ಹೇಳಿದ ವೃದ್ಧೆಯ ಬಗ್ಗೆ ಈಗ ತಿಳಿಯೋಣ. ಕಥೆಯಲ್ಲಿ ಅವಳ ಹೆಸರು ಮಾರ್ಗರೆಟ್ ಲ್ಯಾಂಟರ್ಮನ್. ಊರವರು ಕರೆಯುವುದು 'ಲಾಗ್ ಲೇಡಿ' ಎಂದು. ಎಲ್ಲಿಗೆ ಹೋದರೂ ಎದೆಗೆ ಒತ್ತಿಕೊಂಡ ಒಂದು ಮರದ ದಿಮ್ಮಿ, ಮಗುವನ್ನು ಎತ್ತಿಕೊಂಡ ಹಾಗೆ. ದಿಮ್ಮಿ ತನ್ನೊಡನೆ ಮಾತಾಡುತ್ತದೆ, ನಡೆದದ್ದನ್ನೆಲ್ಲ ನೋಡಿದೆ ಎನ್ನುತ್ತಾಳೆ. ಮರ ಕಡಿಯುವ ಕೆಲಸದ ಅವಳ ಗಂಡ ಮದುವೆಯ ಬೆನ್ನಿಗೇ ಬೆಂಕಿಯಲ್ಲಿ ಸತ್ತಿದ್ದ. ಜನ ಅವಳನ್ನು ನೋಡಿ ನಗುತ್ತಿದ್ದರು. ಪ್ರೇಕ್ಷಕರಿಗೂ ಮೊದಮೊದಲು ಅವಳು ತಮಾಷೆಯ ಪಾತ್ರವೇ. ಅವಳ ಮಾತು ಒಂದೊಂದಾಗಿ ನಿಜವಾದಾಗ ನಗು ನಿಂತಿತು.

ಆ ಪಾತ್ರ ಮಾಡಿದವರು ಕ್ಯಾಥರಿನ್ ಕೋಲ್ಸನ್, ಹುಟ್ಟಿದ್ದು 1943ರಲ್ಲಿ. ಲಿಂಚ್‌ರಿಗೆ ಹಳೆಯ ಗೆಳತಿ. ಲಿಂಚ್‌ರ ಮೊದಲ ದೊಡ್ಡ ಸಿನಿಮಾ 'ಇರೇಸರ್‌ಹೆಡ್' ಬಿಡುಗಡೆಯಾದದ್ದು 1977ರಲ್ಲಿ. ಅದನ್ನು ತಯಾರಿಸಲು ವರ್ಷಗಟ್ಟಲೆ ಹಿಡಿಯಿತು, ಏಕೆಂದರೆ ಕೈಯಲ್ಲಿ ದುಡ್ಡಿರಲಿಲ್ಲ. ಕೋಲ್ಸನ್ ಅದರಲ್ಲಿ ಕ್ಯಾಮರಾ ಕೆಲಸಕ್ಕೂ ನಿರ್ದೇಶನಕ್ಕೂ ಸಹಾಯಕಿ. ಹೋಟೆಲಿನಲ್ಲಿ ಊಟ ಬಡಿಸಿ ಸಿಕ್ಕಿದ ಹಣವನ್ನೂ ಆ ಸಿನಿಮಾಕ್ಕೆ ಹಾಕಿದವರು. ಅದರ ನಾಯಕ ಜ್ಯಾಕ್ ನ್ಯಾನ್ಸ್ ಆಗ ಅವರ ಪತಿ. ನೀನು ಮುಂದೊಂದು ದಿನ ದಿಮ್ಮಿ ಹಿಡಿದ ಹೆಂಗಸಿನ ಪಾತ್ರ ಮಾಡಬೇಕು ಎಂದು ಲಿಂಚ್ ಆ ದಿನಗಳಲ್ಲೇ ಹೇಳಿದ್ದರಂತೆ. ಸುಮಾರು ಹದಿನೈದು ವರ್ಷ ಆದ ಮೇಲೆ ಆ ಮಾತು ನಡೆಯಿತು. ಮುಂದೆ ಕೋಲ್ಸನ್ ಆರೆಗನ್ ರಾಜ್ಯದ ಆ್ಯಶ್‌ಲ್ಯಾಂಡ್ ಎಂಬ ಊರಿನಲ್ಲಿ ನೆಲೆಸಿ, ಅಲ್ಲಿನ ಪ್ರಸಿದ್ಧ ಶೇಕ್ಸ್‌ಪಿಯರ್ ರಂಗೋತ್ಸವದಲ್ಲಿ ಬಹುಕಾಲ ಅಭಿನಯಿಸಿದರು.

2014ರ ಅಕ್ಟೋಬರಿನಲ್ಲಿ 'ಟ್ವಿನ್ ಪೀಕ್ಸ್' ಮರಳಿ ಬರುತ್ತದೆ ಎಂಬ ಘೋಷಣೆ ಬಂತು. ಮರುವರ್ಷ ಏಪ್ರಿಲಿನಲ್ಲಿ ಹಣದ ವಿಷಯವಾಗಿ ಲಿಂಚ್ ಹಿಂದೆ ಸರಿದರು. ಹಳೆಯ ನಟ ನಟಿಯರು ಸೇರಿ, ಲಿಂಚ್ ಇಲ್ಲದ 'ಟ್ವಿನ್ ಪೀಕ್ಸ್' ಬೇಡವೆಂದು ವೀಡಿಯೋ ಮಾಡಿದರು. ಮೇ ತಿಂಗಳಲ್ಲಿ ಒಪ್ಪಂದವಾಗಿ ಲಿಂಚ್ ಮರಳಿದರು. 2015ರ ಸೆಪ್ಟೆಂಬರಿನಲ್ಲಿ ಚಿತ್ರೀಕರಣ ಆರಂಭವಾದಾಗ ಕೋಲ್ಸನ್‌ರಿಗೆ ಕ್ಯಾನ್ಸರ್ ಉಲ್ಬಣಿಸಿತ್ತು. ವಾಷಿಂಗ್ಟನ್‌ಗೆ ಪ್ರಯಾಣ ಮಾಡುವ ಸ್ಥಿತಿ ಇರಲಿಲ್ಲ. ಅವರ ಮನೆಯಲ್ಲೇ ಅವರ ದೃಶ್ಯಗಳನ್ನು ಚಿತ್ರೀಕರಿಸಿದರು. ಕೂದಲು ಉದುರಿದ ತಲೆ, ಮೂಗಿಗೆ ಆಮ್ಲಜನಕದ ಕೊಳವೆ, ಕೈಯಲ್ಲಿ ಅದೇ ದಿಮ್ಮಿ. ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 28ರಂದು, ಅವರು ತೀರಿಕೊಂಡರು. ಪ್ರಾಯ 71.

2017: ಬಂದರೂ ಬಾರದ ಕೂಪರ್

2017ರ ಮೇ 21ರಂದು ಹೊಸ ಧಾರಾವಾಹಿ ಆರಂಭವಾಯಿತು. 1990ರ ಮೂರೂವರೆ ಕೋಟಿ ಎಲ್ಲಿ, ಆ ರಾತ್ರಿ ಟಿವಿಯಲ್ಲಿ ನೋಡಿದ ಸುಮಾರು 5 ಲಕ್ಷ ಎಲ್ಲಿ! ಶೋಟೈಮ್ ಹಣ ಕೊಟ್ಟು ನೋಡುವ ವಾಹಿನಿ, ಇಂಟರ್‌ನೆಟ್ ಮೂಲಕ ನೋಡಿದವರು ಬೇರೆ. ಏನಿದ್ದರೂ ಊರಿಗೆ ಊರೇ ಮಾತಾಡುವ ಕಾಲ ಮುಗಿದಿತ್ತು. ಉಳಿದವರು ಕಾದವರು ಮಾತ್ರ.

ಕಾದವರಿಗೂ ಲಿಂಚ್ ಸುಲಭದಲ್ಲಿ ಏನನ್ನೂ ಕೊಡಲಿಲ್ಲ. ಕೂಪರ್ ಕೆಂಪು ಪರದೆಯ ಲೋಕದಿಂದ ಹೊರಬಂದ, ನಿಜ. ಆದರೆ ಅವನಿಗೆ ತಾನು ಯಾರೆಂದು ಗೊತ್ತಿಲ್ಲ. ಲಾಸ್ ವೇಗಸ್‌ನಲ್ಲಿ ಡಗ್ಗಿ ಜೋನ್ಸ್ ಎಂಬವನ ಜಾಗದಲ್ಲಿ, ಅವನ ಹೆಂಡತಿ ಮಗುವಿನೊಂದಿಗೆ ಬದುಕುತ್ತಾನೆ. ಯಾರಾದರೂ ಮಾತಾಡಿದರೆ ಕೊನೆಯ ಪದವನ್ನು ತಿರುಗಿ ಹೇಳುತ್ತಾನೆ. ಕಾಫಿ ಕಂಡರೆ ಮಾತ್ರ ಮುಖ ಅರಳುತ್ತದೆ. ವಾರದ ಮೇಲೆ ವಾರ ಇದೇ. ನಮ್ಮ ಕೂಪರ್ ಯಾವಾಗ ಎಚ್ಚರಗೊಳ್ಳುತ್ತಾನೆ ಎಂದು ಅಭಿಮಾನಿಗಳು ಚಡಪಡಿಸಿದರು. ಕೆಲವರಿಗೆ ಕೋಪವೂ ಬಂತು. ಇನ್ನು ಕೆಲವರು ನಿಧಾನವಾಗಿ ಆ ಮೌನಿ ಮನುಷ್ಯನನ್ನೇ ಇಷ್ಟಪಡಲು ಕಲಿತರು. ಮಾತಾಡಲಾರದ ಒಬ್ಬನನ್ನು ಸುತ್ತಲಿನವರು ಹೇಗೆ ನೋಡಿಕೊಳ್ಳುತ್ತಾರೆ, ಹೇಗೆ ಊಟ ಮಾಡಿಸುತ್ತಾರೆ, ಹೇಗೆ ಕೈಹಿಡಿದು ನಡೆಸುತ್ತಾರೆ ಎಂಬುದೇ ಅಲ್ಲಿ ಕಥೆಯಾಗಿತ್ತು.

ಈ ನಡುವೆ ಲಾಗ್ ಲೇಡಿ ಮೊದಲ ಕಂತಿನಿಂದಲೇ ಆಗಾಗ ಫೋನ್ ಮಾಡುತ್ತಿದ್ದಳು. ಆ ಕಡೆ ಫೋನ್ ಎತ್ತುವವನು ಹಾಕ್. ಊರಿನ ಪೊಲೀಸ್ ಉಪಾಧಿಕಾರಿ, ಅಮೆರಿಕದ ಮೂಲನಿವಾಸಿ ಜನಾಂಗದವನು. ಪಾತ್ರಧಾರಿ ಮೈಕಲ್ ಹಾರ್ಸ್. ಏನೋ ಕಳೆದುಹೋಗಿದೆ, ಅದನ್ನು ನೀನು ಹುಡುಕಬೇಕು ಎಂದು ಅವಳು ಹೇಳುತ್ತಾಳೆ. ಹಾಕ್ ಒಮ್ಮೆಯೂ ನಗುವುದಿಲ್ಲ, ಅವಸರ ಮಾಡುವುದಿಲ್ಲ. ರಾತ್ರಿ ಎಷ್ಟು ಹೊತ್ತಾದರೂ ಕೇಳುತ್ತಾನೆ. ಆರನೆಯ ಕಂತಿನಲ್ಲಿ ಅವನಿಗೆ ಲಾರಾಳ ಡೈರಿಯ ಕಳೆದುಹೋದ ಹಾಳೆಗಳು ಸಿಗುತ್ತವೆ.

ಹದಿನೈದನೆಯ ಕಂತು

ಆಗಸ್ಟ್ 20ರ ಕಂತು ಆರಂಭವಾಗುವುದು ಸಂತೋಷದಿಂದ. ಊರಿನ ಪೆಟ್ರೋಲ್ ಬಂಕಿನ ಎಡ್, ಹೋಟೆಲು ನಡೆಸುವ ನಾರ್ಮಾ. ಇಬ್ಬರೂ ಹೈಸ್ಕೂಲಿನ ಕಾಲದಿಂದ ಒಬ್ಬರನ್ನೊಬ್ಬರು ಪ್ರೀತಿಸಿದವರು, ಕೂಡಿ ಬಾಳಲು ಆಗದವರು. ಎಡ್‌ನ ಹೆಂಡತಿ ನೇಡೀನ್ ನಡೆದುಕೊಂಡೇ ಬಂದು, ನೀನು ಸ್ವತಂತ್ರ, ಅವಳ ಬಳಿಗೆ ಹೋಗು ಎನ್ನುತ್ತಾಳೆ. ಎಡ್ ಹೋಟೆಲಿಗೆ ಓಡುತ್ತಾನೆ. ನಾರ್ಮಾ ಬೇರೊಬ್ಬನೊಡನೆ ಮಾತಿನಲ್ಲಿದ್ದಾಳೆ. ಇವನು ಕಾಫಿ ತರಿಸಿ, ಕಣ್ಣು ಮುಚ್ಚಿ ಕುಳಿತಿರುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅವನ ಭುಜದ ಮೇಲೆ ಒಂದು ಕೈ. 1990ರಿಂದ ಈ ಜೋಡಿಗಾಗಿ ಆಸೆಪಟ್ಟಿದ್ದವರಿಗೆ ಅದು ಹಬ್ಬದ ಊಟವಾಯಿತು.

ಅದೇ ಕಂತಿನಲ್ಲಿ ಲಾಗ್ ಲೇಡಿಯ ಕೊನೆಯ ಕರೆ ಬರುತ್ತದೆ. ತಾನು ಸಾಯುತ್ತಿದ್ದೇನೆ ಎಂದು ಹಾಕ್‌ಗೆ ನೇರವಾಗಿ ಹೇಳುತ್ತಾಳೆ. ಸಾವು ಒಂದು ಬದಲಾವಣೆ, ಮುಕ್ತಾಯವಲ್ಲ ಎಂಬುದು ನಿನಗೂ ಗೊತ್ತು ಎಂಬರ್ಥದ ಮಾತಾಡುತ್ತಾಳೆ. ಬಿಟ್ಟುಹೋಗುವುದಕ್ಕೆ ಸ್ವಲ್ಪ ಭಯವಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ದಿಮ್ಮಿ ಬಂಗಾರವಾಗುತ್ತಿದೆ ಎನ್ನುತ್ತಾಳೆ. ಶುಭರಾತ್ರಿ ಹೇಳಿ ಫೋನ್ ಇಡುತ್ತಾಳೆ. ಹಾಕ್ ಕೂಡ ಶುಭರಾತ್ರಿ ಎನ್ನುತ್ತಾನೆ. ಕರೆ ಕಡಿದ ಮೇಲೆ, ಅವಳಿಗೆ ಕೇಳದ ಹಾಗೆ, ವಿದಾಯ ಹೇಳುತ್ತಾನೆ. ಆಮೇಲೆ ಠಾಣೆಯವರನ್ನೆಲ್ಲ ಒಂದು ಕೋಣೆಗೆ ಕರೆದು, ಮಾರ್ಗರೆಟ್ ಈ ರಾತ್ರಿ ತೀರಿಕೊಂಡಳು ಎಂದು ತಿಳಿಸುತ್ತಾನೆ. ಎಲ್ಲರೂ ತಲೆ ತಗ್ಗಿಸಿ ನಿಲ್ಲುತ್ತಾರೆ. ಹಿನ್ನೆಲೆಯಲ್ಲಿ ಅಳಿಸುವ ಸಂಗೀತವಿಲ್ಲ, ದೊಡ್ಡ ಭಾಷಣವಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮೊದಲನೆಯ ಕಂತಿನ ಕೊನೆಯಲ್ಲಿ ಅರ್ಪಣೆ ಇದ್ದದ್ದು ನಟಿ ಕ್ಯಾಥರಿನ್ ಕೋಲ್ಸನ್‌ರ ನೆನಪಿಗೆ. ಹದಿನೈದನೆಯ ಕಂತಿನ ಕೊನೆಯಲ್ಲಿ ಅರ್ಪಣೆ ಮಾರ್ಗರೆಟ್ ಲ್ಯಾಂಟರ್ಮನ್‌ಳ ನೆನಪಿಗೆ. ಕಥೆಯ ಒಂದು ಪಾತ್ರಕ್ಕೆ, ನಮ್ಮ ನಡುವೆ ಬದುಕಿ ಸತ್ತವಳೆಂಬಂತೆ, ಶ್ರದ್ಧಾಂಜಲಿ. ನೋಡಿದವರಿಗೂ ಹಾಗೆಯೇ ಅನಿಸಿತ್ತು. ಯಾವ ಸುಳಿವನ್ನೂ ಹುಡುಕಲು ಇಲ್ಲದ ದೃಶ್ಯ ಅದು. ನಟಿ ಎಲ್ಲಿ ಮುಗಿದರು, ಪಾತ್ರ ಎಲ್ಲಿ ಆರಂಭವಾಯಿತು ಎಂದು ಬೇರ್ಪಡಿಸಲು ಯಾರಿಗೂ ಆಗಲಿಲ್ಲ. 1990ರಲ್ಲಿ ಅವಳ ದಿಮ್ಮಿಯನ್ನು ನೋಡಿ ನಕ್ಕ ಹುಡುಗರಿಗೆ 2017ರಲ್ಲಿ ನಲುವತ್ತು ಐವತ್ತರ ಪ್ರಾಯ. ಈ ನಡುವೆ ಅವರಲ್ಲಿ ಹೆಚ್ಚಿನವರು ತಮ್ಮ ಮನೆಗಳಲ್ಲೂ ಒಂದೊಂದು ಮರಣ ಕಂಡಿರಬೇಕು. ದೃಶ್ಯ ಅಷ್ಟು ಆಳಕ್ಕೆ ಇಳಿದದ್ದು ಅದರಿಂದಲೂ ಇರಬಹುದು.

ಮುಂದಿನ ಎರಡು ವಾರ

ಹದಿನೈದನೆಯ ಕಂತಿನಲ್ಲೇ ಇನ್ನೊಂದು ಘಟನೆ ನಡೆದಿತ್ತು. ಟಿವಿಯಲ್ಲಿ ಬರುತ್ತಿದ್ದ 'ಸನ್‌ಸೆಟ್ ಬುಲೆವಾರ್ಡ್' ಎಂಬ 1950ರ ಸಿನಿಮಾದಲ್ಲಿ ಗಾರ್ಡನ್ ಕೋಲ್ ಎಂಬ ಹೆಸರು ಕೇಳಿ ಡಗ್ಗಿಗೆ ಏನೋ ಹೊಳೆಯುತ್ತದೆ. ಅದು ಕೂಪರ್‌ನ ಮೇಲಧಿಕಾರಿಯ ಹೆಸರು. ಅವನು ತೆವಳಿಕೊಂಡು ಹೋಗಿ ಗೋಡೆಯ ಪ್ಲಗ್ ಪಾಯಿಂಟಿಗೆ ಫೋರ್ಕ್ ತುರುಕುತ್ತಾನೆ. ಬಿಎಸ್ಸಿ ಓದಿದ ನಮ್ಮ ಕಡೆಯಿಂದ ಒಂದು ಎಚ್ಚರಿಕೆ: ಕಥೆಯಲ್ಲಿ ಅವನು ಎಚ್ಚರಗೊಂಡ, ನಿಜ ಜೀವನದಲ್ಲಿ ಹಾಗೆ ಮಾಡಿದವರು ಎಚ್ಚರಗೊಳ್ಳುವುದಿಲ್ಲ!

ಆಗಸ್ಟ್ 27ರ ಹದಿನಾರನೆಯ ಕಂತಿನಲ್ಲಿ ಕೂಪರ್ ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ತೆರೆದ. ಪೂರ್ತಿ ಎಚ್ಚರ. ಅದೇ ಧ್ವನಿ, ಅದೇ ಚುರುಕು. ಹಳೆಯ ಶೀರ್ಷಿಕೆ ಸಂಗೀತ ತೇಲಿಬಂತು. ಅಭಿಮಾನಿಗಳು ಕುಳಿತಲ್ಲಿಂದ ಎದ್ದು ಕುಣಿದರು, ಕಿರುಚಿದರು, ಅತ್ತರು. 26 ವರ್ಷಗಳ ಮೇಲೆ ತಮ್ಮವನೊಬ್ಬ ಮನೆಗೆ ಬಂದ ಹಾಗೆ. ಕೂಪರ್ ಹೊರಡುವ ಮುಂಚೆ ಡಗ್ಗಿಯ ಹೆಂಡತಿಗೂ ಮಗನಿಗೂ ಕೃತಜ್ಞತೆ ಹೇಳಿದ. ಡಗ್ಗಿ ಮನೆಗೆ ಮರಳುತ್ತಾನೆಂದು ಮಾತು ಕೊಟ್ಟ. ಕೊನೆಯ ಕಂತಿನಲ್ಲಿ ಆ ಮಾತು ನಡೆಯುತ್ತದೆ, ಅವರ ಮನೆಯ ಬಾಗಿಲಿಗೆ ಒಬ್ಬ ಡಗ್ಗಿ ಬಂದು ನಿಲ್ಲುತ್ತಾನೆ.

ಸೆಪ್ಟೆಂಬರ್ 3ರಂದು ಕೊನೆಯ ಎರಡು ಕಂತುಗಳು ಒಟ್ಟಿಗೆ ಬಂದುವು. ಹದಿನೇಳರಲ್ಲಿ ದುಷ್ಟನ ಅಂತ್ಯವಾಯಿತು. ಕೂಪರ್ ಕಾಲದಲ್ಲಿ ಹಿಂದಕ್ಕೆ ಹೋಗಿ, ಲಾರಾ ಸಾಯಬೇಕಾಗಿದ್ದ ರಾತ್ರಿ ಅವಳ ಕೈಹಿಡಿದು ಕಾಡಿನಿಂದ ಕರೆದುಕೊಂಡು ಹೊರಟ. 1990ರ ಮೊದಲ ಕಂತಿನ ದೃಶ್ಯ ಮತ್ತೆ ಬಂತು. ಈ ಸಲ ದಡದಲ್ಲಿ ಹೆಣವಿಲ್ಲ. ಮುಂಜಾನೆ ಮೀನು ಹಿಡಿಯಲು ಹೋದ ಪೀಟ್ ಏನನ್ನೂ ಕಾಣದೆ ಸುಮ್ಮನೆ ಗಾಳ ಹಾಕುತ್ತಾನೆ. ಪೀಟ್‌ನ ಪಾತ್ರ ಮಾಡಿದವರು 1996ರಲ್ಲಿ ತೀರಿಕೊಂಡ ಜ್ಯಾಕ್ ನ್ಯಾನ್ಸ್, ಕೋಲ್ಸನ್‌ರ ಮಾಜಿ ಪತಿ. ಆ ಕಂತು ಅವರ ನೆನಪಿಗೆ ಅರ್ಪಿತ.

ಎಲ್ಲ ಸರಿಹೋಯಿತು ಎನ್ನುವಾಗ ಲಾರಾ ಕೂಪರ್‌ನ ಕೈಯಿಂದ ಮಾಯವಾದಳು. ಹದಿನೆಂಟರಲ್ಲಿ ಅವನು ಟೆಕ್ಸಾಸಿನಲ್ಲಿ ಬೇರೆ ಹೆಸರಿನ, ಲಾರಾಳನ್ನೇ ಹೋಲುವ ಹೆಂಗಸನ್ನು ಕಂಡುಹಿಡಿದು, ರಾತ್ರಿಯಿಡೀ ಕಾರು ಓಡಿಸಿ ಅವಳ ಹಳೆಯ ಮನೆಗೆ ಕರೆತರುತ್ತಾನೆ. ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಪಾಮರ್ ಎಂಬ ಹೆಸರೇ ಅವರಿಗೆ ಗೊತ್ತಿಲ್ಲ. (ಬಾಗಿಲು ತೆರೆದ ಆ ಪಾತ್ರ ಮಾಡಿದವರು ಚಿತ್ರೀಕರಣ ನಡೆದ ಮನೆಯ ನಿಜವಾದ ಒಡತಿ.) ಬೀದಿಯಲ್ಲಿ ನಿಂತು ಕೂಪರ್, ಇದು ಯಾವ ವರ್ಷ ಎಂದು ಕೇಳುತ್ತಾನೆ. ಅವಳು ಕಿರುಚುತ್ತಾಳೆ. ಮನೆಯ ದೀಪಗಳೆಲ್ಲ ಒಮ್ಮೆಲೇ ಆರುತ್ತವೆ. ಕಥೆ ಮುಗಿಯಿತು.

ಅಭಿಮಾನಿಗಳು ಎರಡಾದರು. 25 ವರ್ಷ ಕಾದದ್ದು ಇದಕ್ಕೋ ಎಂದು ಕೆಲವರು ಸಿಟ್ಟಾದರು. ಇದಕ್ಕಿಂತ ಸತ್ಯವಾದ ಕೊನೆ ಬೇರೆ ಇರಲಾರದು ಎಂದರು ಇನ್ನು ಕೆಲವರು. ಫ್ರಾನ್ಸಿನ ಪ್ರಸಿದ್ಧ ಸಿನಿಮಾ ಪತ್ರಿಕೆ 'ಕಾಯೇ ದ್ಯು ಸಿನೆಮಾ' ಅದನ್ನು 2017ರ ಅತ್ಯುತ್ತಮ ಚಿತ್ರವೆಂದು ಪಟ್ಟಿ ಮಾಡಿತು. ಟಿವಿ ಧಾರಾವಾಹಿಯನ್ನು ಸಿನಿಮಾ ಎನ್ನಬಹುದೇ ಎಂಬ ಚರ್ಚೆ ಬೇರೆ ಹುಟ್ಟಿತು.

ನಮ್ಮ ದೃಷ್ಟಿಯಲ್ಲಿ 15 ಮತ್ತು 18ನೆಯ ಕಂತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಎರಡರಲ್ಲೂ ಒಂದು ಮನೆಯ ದೀಪ ಆರುತ್ತದೆ. ಕೂಪರ್ ನಡೆದುಹೋದದ್ದನ್ನು ಇಲ್ಲವಾಗಿಸಲು ಹೊರಟ. ಸತ್ತವಳನ್ನು ಸಾಯದಂತೆ ಮಾಡಿ ಹಳೆಯ ಮನೆಗೆ ಮುಟ್ಟಿಸಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ನಂಬಿದ. ಉಳಿದದ್ದು ಒಂದು ಕಿರುಚು. ಹಾಕ್ ಏನನ್ನೂ ತಿದ್ದಲು ಹೋಗಲಿಲ್ಲ. ಸಾಯುವವಳ ಮಾತು ಕೇಳಿದ, ಶುಭರಾತ್ರಿ ಹೇಳಿದ, ಹತ್ತಿರದವರಿಗೆ ಸುದ್ದಿ ಮುಟ್ಟಿಸಿದ. ಆ ಕಂತು ಮುಗಿದಾಗ ಜನರಿಗೆ ದುಃಖವಿತ್ತು, ಗೊಂದಲವಿರಲಿಲ್ಲ. ಇಡೀ ಧಾರಾವಾಹಿಯಲ್ಲಿ ಯಾರೂ ಜಗಳ ಮಾಡದೆ ಒಪ್ಪಿಕೊಂಡ ಕೊನೆ ಎಂದರೆ ಮಾರ್ಗರೆಟ್‌ಳ ಕೊನೆಯೇ ಇರಬೇಕು.

2025ರ ಜನವರಿಯಲ್ಲಿ ಡೇವಿಡ್ ಲಿಂಚ್ ಕೂಡ ತೀರಿಕೊಂಡರು. ಪ್ರಾಯ 78. ಅವರು ಹಿಂದೆ ವರ್ಷಗಟ್ಟಲೆ ಹೋಗುತ್ತಿದ್ದ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನ 'ಬಾಬ್ಸ್ ಬಿಗ್ ಬಾಯ್' ಹೋಟೆಲಿನ ಎದುರು ಜನ ಹೂವು, ಕಾಫಿ ಲೋಟ, ಡೋನಟ್ ತಂದಿಟ್ಟರು. ಒಗಟಿಗೆ ಉತ್ತರ ಕೇಳಲು ಬಂದವರಲ್ಲ ಅವರು. ಸತ್ತವರ ಮನೆಗೆ ಹೋಗುವ ಹಾಗೆ ಬಂದವರು.

ನಮ್ಮ ಮನೆಗಳ ಫೋನ್

ಗಡಿನಾಡಿನ ನಮ್ಮ ಕುಟುಂಬಗಳಿಗೆ ಫೋನಿನಲ್ಲಿ ಹೇಳುವ ವಿದಾಯ ಹೊಸದಲ್ಲ. ಗಲ್ಫಿನಲ್ಲಿ ದುಡಿಯುವ ಮಗ, ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಮನೆಯ ಹಿರಿಯರ ಕೊನೆಯ ಗಳಿಗೆಯಲ್ಲಿ ರಜೆ ಸಿಗದೆ ವೀಡಿಯೋ ಕಾಲಿನಲ್ಲಿ ಮುಖ ನೋಡಿದ ಉದಾಹರಣೆಗಳು ನಮ್ಮ ಪ್ರತಿಯೊಂದು ವಾಳೆಯಲ್ಲೂ ಇವೆ. ಮಾತು ಹೊರಡದೆ, 'ಊಟ ಆಯ್ತಾ ಅಜ್ಜಿ?' ಎಂದು ಮಾತ್ರ ಕೇಳಿದವರಿದ್ದಾರೆ. ಅದು ಸಣ್ಣ ಮಾತಲ್ಲ. ಹಾಕ್ ಹೇಳಿದ್ದೂ ಶುಭರಾತ್ರಿ ಎಂಬ ಒಂದು ಮಾತು ಮಾತ್ರ.

ಊರಿನಲ್ಲೇ ಇರುವ ನಮಗೆ ಅಷ್ಟು ದೂರವಿಲ್ಲ. ಹಾಸಿಗೆ ಹಿಡಿದವರು, ಒಂದೇ ಮಾತನ್ನು ನಾಲ್ಕು ಸಲ ಹೇಳುವವರು, ಯಾರಿಗೂ ಅರ್ಥವಾಗದ ಏನನ್ನೋ ಎದೆಗೆ ಒತ್ತಿಕೊಂಡು ಕುಳಿತವರು ನಮ್ಮ ಪಕ್ಕದ ಮನೆಗಳಲ್ಲೇ ಇದ್ದಾರೆ. ಮುಂದಿನ ಆದಿತ್ಯವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಸಂಘದಿಂದ ಇಬ್ಬಿಬ್ಬರಾಗಿ ಅಂಥ ಮನೆಗಳಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಭಾಷಣ ಬೇಡ, ಉಡುಗೊರೆಯೂ ಬೇಡ. ಅರ್ಧ ಗಂಟೆ ಕುಳಿತು ಅವರು ಹೇಳಿದ್ದನ್ನು ಕೇಳಿ ಬರೋಣ. ಬರಲು ಮನಸ್ಸಿರುವವರು ಶನಿವಾರದೊಳಗೆ ಹೆಸರು ಕೊಡಿ. ಮೊಬೈಲನ್ನು ಸೈಲೆಂಟ್‌ನಲ್ಲಿ ಇಟ್ಟುಕೊಂಡು ಬನ್ನಿ.